ಅಲಬಾಮಾದ ಬಿಲ್ ಬ್ಯಾಕ್ಸ್‌ಲಿ: ಚೇಂಬ್ಲಿಸ್ ಕೇಸು ಗೆದ್ದವರು ಗವರ್ನರ್ ಆಗಲಿಲ್ಲ, ಏಕೆ?

ಶಾಲ್ಮಲಾ:

ಎಲ್‌ಎಲ್‌ಬಿ ಕೊನೆಯ ವರ್ಷದ ಪ್ರಬಂಧಕ್ಕೆ "ಚುನಾಯಿತ ಪ್ರಾಸಿಕ್ಯೂಟರ್" ಎಂಬ ವಿಷಯ ಆರಿಸಿಕೊಂಡಿದ್ದೇನೆ. ಅಮೆರಿಕದ ದಕ್ಷಿಣ ರಾಜ್ಯಗಳ ಒಬ್ಬರನ್ನೇ ಹಿಡಿದು ಆಳವಾಗಿ ಬರೆಯಿರಿ ಎಂದು ಮಾರ್ಗದರ್ಶಕರು ಹೇಳಿದ್ದರಿಂದ ಅಲಬಾಮಾದ ಬಿಲ್ ಬ್ಯಾಕ್ಸ್‌ಲಿ ಅವರನ್ನು ತೆಗೆದುಕೊಂಡೆ. 1963ರ ಬರ್ಮಿಂಗ್‌ಹ್ಯಾಮ್ ಚರ್ಚ್ ಬಾಂಬ್ ಕೇಸನ್ನು (ಆರೋಪಿ ರಾಬರ್ಟ್ ಚೇಂಬ್ಲಿಸ್) 14 ವರ್ಷಗಳ ನಂತರ ಗೆದ್ದವರು, ಆಮೇಲೆ ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್) ಆದವರು, ಗವರ್ನರ್ ಸ್ಥಾನಕ್ಕೆ ನಿಂತು ಸೋತವರು ಎಂಬಷ್ಟು ಗೊತ್ತು. ಸ್ಪಷ್ಟವಾಗದ ವಿಷಯಗಳು ಮೂರು.

ಅಲ್ಲಿ ಡಿಎ, ರಾಜ್ಯದ ಅಟಾರ್ನಿ ಜನರಲ್, ಯುಎಸ್ ಅಟಾರ್ನಿ ಎಂದು ಮೂರು ಹುದ್ದೆಗಳ ಹೆಸರು ಬರುತ್ತದೆ. ಯಾರ ಅಧಿಕಾರ ಎಲ್ಲಿ ಮುಗಿಯುತ್ತದೆ? ಅಷ್ಟು ಹಳೆಯ ಕೇಸಿಗೆ ಕಾಲಮಿತಿ ಅಡ್ಡಬರಲಿಲ್ಲವೇ, ಸಾಕ್ಷ್ಯ ಎಲ್ಲಿಂದ ಸಿಕ್ಕಿತು? ಕೊನೆಯದಾಗಿ, 1986ರಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲಿ ಸೋತವರೇ ಅಭ್ಯರ್ಥಿಯಾದರು ಎಂದು ಓದಿದೆ. ಇದು ಹೇಗೆ ಸಾಧ್ಯ? ಚೇಂಬ್ಲಿಸ್ ಕೇಸೇ ಅವರ ರಾಜಕೀಯ ಮುಗಿಸಿತು ಎಂದು ಬರೆದರೆ ತಪ್ಪಾಗುತ್ತದೆಯೇ?

---

ಧಾರವಾಡದ ವಕೀಲ:

ಮೊದಲ ಪ್ರಶ್ನೆಯನ್ನೇ ಸರಿಯಾಗಿ ಬಿಡಿಸಿಕೊಳ್ಳಿ, ಉಳಿದ ಎರಡೂ ಅದರ ಮೇಲೆ ನಿಂತಿವೆ.

ನಮ್ಮಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ನೇಮಕದ ಹುದ್ದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಇತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಕಲಂ. ಏಳು ವರ್ಷ ವಕೀಲಿಕೆ ಆಗಿರಬೇಕು. ಜಿಲ್ಲೆಯ ಹುದ್ದೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರ ಜೊತೆ ಸಮಾಲೋಚಿಸಿ ಹೆಸರುಗಳ ಪಟ್ಟಿ ಕೊಡುತ್ತಾರೆ, ಸರ್ಕಾರ ನೇಮಿಸುತ್ತದೆ. ಅಡ್ವೊಕೇಟ್ ಜನರಲ್ ಅವರನ್ನು ಸಂವಿಧಾನದ 165ನೇ ವಿಧಿಯಡಿ ರಾಜ್ಯಪಾಲರು ನೇಮಿಸುತ್ತಾರೆ. ಇವರ್ಯಾರೂ ಜನರ ಮುಂದೆ ಮತ ಕೇಳಲು ಹೋಗುವುದಿಲ್ಲ.

ಅಲಬಾಮಾದಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಡಿಎ, ತನ್ನ ನ್ಯಾಯಿಕ ಸರ್ಕೀಟಿನ ಮತದಾರರಿಂದ ಆರು ವರ್ಷಕ್ಕೆ ಆರಿಸಿ ಬರುವವರು. ಒಂದು ಸರ್ಕೀಟ್ ಎಂದರೆ ಒಂದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಇರಬಹುದು, ಎರಡು ಮೂರು ಸೇರಿಯೂ ಇರಬಹುದು. ರಾಜ್ಯದ ಅಟಾರ್ನಿ ಜನರಲ್ ಇಡೀ ರಾಜ್ಯದಿಂದ ನಾಲ್ಕು ವರ್ಷಕ್ಕೆ ಚುನಾಯಿತರು. ಸತತವಾಗಿ ಎರಡು ಅವಧಿ ಮಾತ್ರ. ಯುಎಸ್ ಅಟಾರ್ನಿಯದು ಬೇರೆಯದೇ ಸಾಲು: ಅಧ್ಯಕ್ಷರು ನೇಮಿಸಿ ಸೆನೆಟ್ ಒಪ್ಪಬೇಕಾದ ಫೆಡರಲ್ (ಕೇಂದ್ರ ಸರ್ಕಾರದ) ಹುದ್ದೆ ಅದು, ನಡೆಸುವುದು ಫೆಡರಲ್ ಕಾಯ್ದೆಯ ಅಪರಾಧಗಳನ್ನು. ಕೊಲೆ ಸಾಮಾನ್ಯವಾಗಿ ರಾಜ್ಯದ ಕಾಯ್ದೆಯಡಿಯ ಅಪರಾಧ. ಈ ಒಂದು ಗೆರೆ ನೆನಪಿದ್ದರೆ ಚರ್ಚ್ ಕೇಸಿನ ಅರ್ಧ ಗೊಂದಲ ಕರಗುತ್ತದೆ.

ಅಲಬಾಮಾದ ಅಟಾರ್ನಿ ಜನರಲ್‌ಗೆ ಇನ್ನೊಂದು ಅಧಿಕಾರವಿದೆ. ರಾಜ್ಯದ ಯಾವುದೇ ಕ್ರಿಮಿನಲ್ ಕೇಸಿನ ಮೇಲ್ವಿಚಾರಣೆ ವಹಿಸಿಕೊಳ್ಳಬಹುದು, ಬೇಕಾದರೆ ಸ್ಥಳೀಯ ಡಿಎ ಬದಲು ತಾನೇ ನಡೆಸಬಹುದು. ಬ್ಯಾಕ್ಸ್‌ಲಿ ರಾಜಧಾನಿ ಮಾಂಟ್ಗೊಮರಿಯಲ್ಲಿ ಕೂತು ಕಡತಕ್ಕೆ ಸಹಿ ಹಾಕುವ ಅಟಾರ್ನಿ ಜನರಲ್ ಆಗದೆ ಬರ್ಮಿಂಗ್‌ಹ್ಯಾಮ್ ಕೋರ್ಟಿನಲ್ಲಿ ನಿಂತು ವಾದಿಸಲು ಸಾಧ್ಯವಾದದ್ದು ಇದರಿಂದ.

ವೃತ್ತಿಯ ಮೆಟ್ಟಿಲು ಹೀಗಿದೆ. ಹುಟ್ಟಿದ್ದು 1941ರಲ್ಲಿ, ರಾಜ್ಯದ ಆಗ್ನೇಯ ಮೂಲೆಯ ಡೋಥನ್ ಊರಿನಲ್ಲಿ. 1964ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಕಾನೂನು ಪದವಿ. 25ರ ವಯಸ್ಸಿಗೆ ಹ್ಯೂಸ್ಟನ್ ಮತ್ತು ಹೆನ್ರಿ ಕೌಂಟಿಗಳ ಡಿಎ. 1970ರಲ್ಲಿ, ಆಗ ಹುದ್ದೆಯಲ್ಲಿದ್ದ ಮ್ಯಾಕ್‌ಡೊನಾಲ್ಡ್ ಗ್ಯಾಲಿಯನ್ ಅವರನ್ನು ಡೆಮಾಕ್ರಾಟ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಸೋಲಿಸಿ ಅಟಾರ್ನಿ ಜನರಲ್ ಸ್ಥಾನ ಗೆದ್ದರು. ಅಧಿಕಾರ ವಹಿಸಿಕೊಂಡಾಗ ವಯಸ್ಸು 29. ಆ ಕಾಲದ ಅಲಬಾಮಾದಲ್ಲಿ ರಿಪಬ್ಲಿಕನ್ ಪಕ್ಷ ರಾಜ್ಯ ಮಟ್ಟದಲ್ಲಿ ಹೆಸರಿಗೆ ಮಾತ್ರ ಇತ್ತು, ಡೆಮಾಕ್ರಾಟ್ ಪ್ರೈಮರಿ ಗೆದ್ದರೆ ಚುನಾವಣೆ ಗೆದ್ದ ಹಾಗೆಯೇ. ಈ ಮಾತನ್ನು 1986ಕ್ಕೆ ಬಂದಾಗ ಮತ್ತೆ ನೆನಪಿಸಿಕೊಳ್ಳಿ.

ಪ್ರಬಂಧದಲ್ಲಿ ಸೇರಿಸಲೇಬೇಕಾದ ಇನ್ನೊಂದು ಸಂಗತಿ: ಅಲಬಾಮಾದ ಮೊದಲ ಕಪ್ಪು ಸಹಾಯಕ ಅಟಾರ್ನಿ ಜನರಲ್ ಮೈರನ್ ಥಾಂಪ್ಸನ್ ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಬ್ಯಾಕ್ಸ್‌ಲಿ ಕಚೇರಿ. ಥಾಂಪ್ಸನ್ 1980ರಲ್ಲಿ ಫೆಡರಲ್ ನ್ಯಾಯಾಧೀಶರಾದರು. ಜನಾಂಗ ಪ್ರತ್ಯೇಕತೆಯ ಪರ ನಿಂತು ಹೆಸರಾಗಿದ್ದ ಜಾರ್ಜ್ ವಾಲೆಸ್ ಗವರ್ನರ್ ಆಗಿದ್ದ ರಾಜ್ಯದಲ್ಲಿ ಇದು ನಡೆಯಿತು. ವಾಲೆಸ್ ಬೇರೆಯಾಗಿ ಚುನಾಯಿತರು, ಬ್ಯಾಕ್ಸ್‌ಲಿ ಬೇರೆಯಾಗಿ ಚುನಾಯಿತರು. ಹಾಗಾಗಿ ಗವರ್ನರ್ ಅವರನ್ನು ಕೆಳಗಿಳಿಸುವ ಹಾಗಿರಲಿಲ್ಲ. ಚುನಾಯಿತ ಪ್ರಾಸಿಕ್ಯೂಟರ್ ವ್ಯವಸ್ಥೆಯ ಪರವಾಗಿ ಒಂದೇ ಉದಾಹರಣೆ ಕೊಡಬೇಕೆಂದರೆ ನಾನು ಇದನ್ನೇ ಕೊಡುತ್ತೇನೆ.

---

ಕಡತಪ್ರಿಯ:

ಕೇಸಿನ ವಿಷಯಕ್ಕೆ ಬರುತ್ತೇನೆ.

1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ 10.22. ಬರ್ಮಿಂಗ್‌ಹ್ಯಾಮ್‌ನ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್. ಸತ್ತವರು ನಾಲ್ವರು ಹುಡುಗಿಯರು: ಆ್ಯಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್, ಈ ಮೂವರಿಗೂ 14, ಡೆನಿಸ್ ಮೆಕ್‌ನೇರ್, 11. ಫೆಡರಲ್ ತನಿಖಾ ಸಂಸ್ಥೆ ಎಫ್‌ಬಿಐ, ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಜನಾಂಗವಾದಿ ಗುಂಪಿನ ನಾಲ್ವರು ಸದಸ್ಯರ ಮೇಲೆ ಕಣ್ಣಿಟ್ಟಿತ್ತು: ರಾಬರ್ಟ್ ಚೇಂಬ್ಲಿಸ್, ಥಾಮಸ್ ಬ್ಲಾಂಟನ್, ಬಾಬಿ ಫ್ರ್ಯಾಂಕ್ ಚೆರ್ರಿ, ಹರ್ಮನ್ ಕ್ಯಾಶ್. 1965ರಲ್ಲೇ ಬರ್ಮಿಂಗ್‌ಹ್ಯಾಮ್ ಕಚೇರಿ ಮೊಕದ್ದಮೆ ಹೂಡಲು ಶಿಫಾರಸು ಮಾಡಿತು. ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಒಪ್ಪಲಿಲ್ಲ. 1968ರಲ್ಲಿ ಕಡತ ಮುಚ್ಚಿತು. 1963ರಲ್ಲಿ ಚೇಂಬ್ಲಿಸ್‌ಗೆ ಆಗಿದ್ದ ಶಿಕ್ಷೆ ಡೈನಮೈಟ್ ಇಟ್ಟುಕೊಂಡದ್ದಕ್ಕೆ ಮಾತ್ರ: 100 ಡಾಲರ್ ದಂಡ, ಜೊತೆಗೆ ಅಮಾನತಿನಲ್ಲಿಟ್ಟ ಆರು ತಿಂಗಳ ಸಜೆ.

ಕಾಲಮಿತಿಯ ಉತ್ತರ ಇಲ್ಲಿದೆ. ನಾಗರಿಕ ಹಕ್ಕು ಉಲ್ಲಂಘನೆಯ ಫೆಡರಲ್ ಆರೋಪಕ್ಕೆ ಐದು ವರ್ಷದ ಮಿತಿ ಇತ್ತು, ಅದು 1968ಕ್ಕೇ ತೀರಿತು. ರಾಜ್ಯದ ಕಾಯ್ದೆಯಲ್ಲಿ ಕೊಲೆಗೆ ಕಾಲಮಿತಿ ಇಲ್ಲ. ಅಂದರೆ ಕಡತವೆಲ್ಲ ಇದ್ದದ್ದು ಫೆಡರಲ್ ಸಂಸ್ಥೆಯ ಕೈಯಲ್ಲಿ, ಮೊಕದ್ದಮೆ ಹೂಡಬಲ್ಲವರು ರಾಜ್ಯದವರು ಮಾತ್ರ. ಮುಂದಿನ ಆರೇಳು ವರ್ಷದ ತಿಣುಕಾಟಕ್ಕೆಲ್ಲ ಇದೇ ಕಾರಣ.

1971ರಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಬ್ಯಾಕ್ಸ್‌ಲಿ ಕೇಸನ್ನು ಮತ್ತೆ ತೆರೆದರು. ಸರ್ಕಾರ ಕೊಟ್ಟಿದ್ದ ದೂರವಾಣಿ ಕಾರ್ಡಿನ ನಾಲ್ಕು ಮೂಲೆಯಲ್ಲಿ ನಾಲ್ವರು ಹುಡುಗಿಯರ ಹೆಸರು ಬರೆದಿಟ್ಟುಕೊಂಡಿದ್ದರು. ಆದರೆ ಎಫ್‌ಬಿಐ ಕಡತ ಕೊಡಲಿಲ್ಲ. ವರ್ಷಗಟ್ಟಲೆ ಕೇಳಿದರೂ ಕೊಡಲಿಲ್ಲ. ಕೊನೆಗೆ ಲಾಸ್ ಏಂಜಲೀಸ್ ಟೈಮ್ಸ್‌ನ ವರದಿಗಾರ ಜ್ಯಾಕ್ ನೆಲ್ಸನ್ ವಾಷಿಂಗ್ಟನ್ನಿನಲ್ಲಿ ನ್ಯಾಯ ಇಲಾಖೆಯ ಮೇಲೆ ಒತ್ತಡ ಹಾಕಿದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ಅಲ್ಲಿ ಕೂತು ಕಾಗದ ಓದಿದವರು ಬ್ಯಾಕ್ಸ್‌ಲಿ ಅವರ ತನಿಖಾಧಿಕಾರಿ ಬಾಬ್ ಎಡ್ಡಿ. ಎಫ್‌ಬಿಐ ತೋರಿಸಿದಷ್ಟನ್ನೇ ಓದಬಹುದಿತ್ತು, ಏನು ಅಡಗಿದೆ ಎಂದು ಗೊತ್ತಿಲ್ಲದೆ ಅದನ್ನು ಕೇಳುವುದೂ ಕಷ್ಟ.

ಕಡತ ಸಿಕ್ಕರೂ ಅದು ಸಾಕ್ಷ್ಯವಲ್ಲ. ಏಜೆಂಟ್ ಬರೆದುಕೊಂಡ ಟಿಪ್ಪಣಿಯನ್ನು ಜ್ಯೂರಿ ಮುಂದೆ ಓದುವಂತಿಲ್ಲ. ಆ ಮಾತು ಹೇಳಿದ ವ್ಯಕ್ತಿ ಖುದ್ದಾಗಿ ಬಂದು, ಪ್ರಮಾಣ ಮಾಡಿ, ಪಾಟೀಸವಾಲಿಗೆ ಉತ್ತರ ಕೊಡಬೇಕು. ಹಾಗಾಗಿ ಕಡತದ ನಿಜವಾದ ಉಪಯೋಗ ಹೆಸರುಗಳಲ್ಲಿತ್ತು. ಹುಡುಕಿ, ಬದುಕಿದ್ದಾರೆಯೇ ನೋಡಿ, ಒಪ್ಪಿಸುವ ಕೆಲಸ ಅದು. ಹೀಗೆ ಸಿಕ್ಕವರಲ್ಲಿ ಇಬ್ಬರು ಮುಖ್ಯ. ಡೆಟ್ರಾಯಿಟ್‌ನಿಂದ ಬಂದಿದ್ದ ಕರ್ಥಸ್ ಗ್ಲೆನ್ ಎಂಬ ಮಹಿಳೆ, ಸ್ಫೋಟಕ್ಕೆ ಕೆಲವು ಗಂಟೆ ಮೊದಲು, ನಸುಕಿನ ಹೊತ್ತಿನಲ್ಲಿ ಚರ್ಚ್ ಹತ್ತಿರ ನಿಂತಿದ್ದ ಬಿಳಿ ಮತ್ತು ನೀಲಿ ಹಸಿರು ಬಣ್ಣದ 1957ರ ಷೆವ್ರೊಲೆ ಕಾರನ್ನೂ ಅದರಲ್ಲಿದ್ದ ಚೇಂಬ್ಲಿಸ್‌ನನ್ನೂ ಗುರುತಿಸಿದರು. ಕಾರು ಬ್ಲಾಂಟನ್‌ನದು. ಎರಡನೆಯವರು ಚೇಂಬ್ಲಿಸ್‌ನ ಸಂಬಂಧಿ ಎಲಿಜಬೆತ್ ಕಾಬ್ಸ್, ಅಷ್ಟರಲ್ಲಿ ಮೆಥಡಿಸ್ಟ್ ಪಾದ್ರಿಯಾಗಿದ್ದವರು. ಭಾನುವಾರ ಕಳೆಯಲಿ ನೋಡು ಎಂಬ ಅರ್ಥದ ಮಾತನ್ನು ಅವನು ಹಿಂದಿನ ದಿನ ಆಡಿದ್ದನ್ನೂ, ಆಮೇಲೆ ಟಿವಿ ಸುದ್ದಿ ನೋಡುತ್ತ, ಯಾರಿಗೂ ಪೆಟ್ಟಾಗಬೇಕೆಂದಿರಲಿಲ್ಲ, ಸಿಡಿಯಬೇಕಾದ ಹೊತ್ತಿಗೆ ಅದು ಸಿಡಿಯಲಿಲ್ಲ ಎಂದು ಗೊಣಗಿಕೊಂಡದ್ದನ್ನೂ ಅವರು ಸಾಕ್ಷಿಕಟ್ಟೆಯಲ್ಲಿ ಹೇಳಿದರು. ತನ್ನ ಕುಟುಂಬದವನ ವಿರುದ್ಧ, ಕ್ಲಾನ್ ಇನ್ನೂ ಸತ್ತಿಲ್ಲದ ಊರಿನಲ್ಲಿ. ಅವರ ಧೈರ್ಯ ಇಲ್ಲದಿದ್ದರೆ ಬ್ಯಾಕ್ಸ್‌ಲಿ ಅವರ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

1977ರ ನವೆಂಬರ್ 14ಕ್ಕೆ ವಿಚಾರಣೆ ಶುರು. ಆರೋಪಿಗೆ 73 ವರ್ಷ. ಜ್ಯೂರಿಯಲ್ಲಿ ಒಂಬತ್ತು ಬಿಳಿಯರು, ಮೂವರು ಕಪ್ಪು ಜನ. ವಿಚಾರಣೆಗೆ ತೆಗೆದುಕೊಂಡದ್ದು ಡೆನಿಸ್ ಮೆಕ್‌ನೇರ್ ಕೊಲೆಯೊಂದನ್ನೇ. ಇದು ಪ್ರಾಸಿಕ್ಯೂಟರ್ ಲೆಕ್ಕ, ಪ್ರಬಂಧದಲ್ಲಿ ಬಿಡಬೇಡಿ: ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ನಡೆಸುವಂತಿಲ್ಲ, ಆದರೆ ಪ್ರತಿ ಕೊಲೆಯೂ ಬೇರೆ ಅಪರಾಧ. ನಾಲ್ಕನ್ನೂ ಒಟ್ಟಿಗೆ ಇಟ್ಟು ಸೋತರೆ ಎಲ್ಲವೂ ಹೋಯಿತು. ನವೆಂಬರ್ 17, ಡೆನಿಸ್ ಹುಟ್ಟಿದ ದಿನ. ಬದುಕಿದ್ದರೆ 26 ತುಂಬುತ್ತಿತ್ತು. ಅಂತಿಮ ವಾದ ಅಂದೇ ಬಿತ್ತು, ಬ್ಯಾಕ್ಸ್‌ಲಿ ಅದನ್ನು ಜ್ಯೂರಿಗೆ ನೆನಪಿಸಿದರು. ಮರುದಿನ ತೀರ್ಪು: ಪ್ರಥಮ ದರ್ಜೆ ಕೊಲೆ, ಜೀವಾವಧಿ. ಚೇಂಬ್ಲಿಸ್ 1985ರಲ್ಲಿ ಸಜೆಯಲ್ಲಿದ್ದಾಗಲೇ ಸತ್ತ.

---

ಶಾಲ್ಮಲಾ:

ಇಬ್ಬರಿಗೂ ಧನ್ಯವಾದ ಸರ್. ಎರಡು ಉಪಪ್ರಶ್ನೆ. ಕಾಬ್ಸ್ ಹೇಳಿದ್ದು ಕೇಳಿದ ಮಾತು ತಾನೆ, ಅದು ಹೇಗೆ ಸಾಕ್ಷ್ಯವಾಯಿತು? ಇನ್ನು ಉಳಿದ ಮೂವರನ್ನು 1977ರಲ್ಲೇ ಏಕೆ ಹಿಡಿಯಲಿಲ್ಲ? ಆಮೇಲೆ ಡಗ್ ಜೋನ್ಸ್ ಎಂಬ ವಕೀಲರು ಆ ಕೆಲಸ ಮಾಡಿದ್ದು ಅಟಾರ್ನಿ ಜನರಲ್ ಆಗಿಯೇ?

---

ಧಾರವಾಡದ ವಕೀಲ:

ಕೇಳಿದ ಮಾತು ಎಂಬ ನಿಷೇಧ ಮೂರನೆಯವರ ಮಾತಿಗೆ. ಆರೋಪಿಯೇ ಆಡಿದ, ಅವನ ವಿರುದ್ಧವೇ ಹೋಗುವ ಮಾತನ್ನು ಕಿವಿಯಾರೆ ಕೇಳಿದವರು ಹೇಳಬಹುದು. ನಮ್ಮಲ್ಲೂ ಹಾಗೆಯೇ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ನಡೆಯುವುದಿಲ್ಲ (ಹಳೆಯ ಸಾಕ್ಷ್ಯ ಅಧಿನಿಯಮದ 25ನೇ ಕಲಂ, ಈಗಿನ ಸಾಕ್ಷ್ಯ ಅಧಿನಿಯಮದ 23). ನೆಂಟರ ಮುಂದೆ, ನೆರೆಯವರ ಮುಂದೆ ಆಡಿದ್ದು ನಡೆಯುತ್ತದೆ, ಆದರೆ ಕೋರ್ಟು ಅದನ್ನು ಬಲವಾದ ಬೇರೆ ಸಾಕ್ಷ್ಯದ ಜೊತೆ ಇಟ್ಟು ತೂಗುತ್ತದೆ. ಗ್ಲೆನ್ ನೋಡಿದ ಕಾರು, ಕಾಬ್ಸ್ ಕೇಳಿದ ಮಾತು, ಆರೋಪಿಗೆ ಡೈನಮೈಟ್ ಜೊತೆಗಿದ್ದ ನಂಟು, ಇವು ಮೂರೂ ಒಂದಕ್ಕೊಂದು ಊರುಗೋಲು. ಒಂದೊಂದೇ ಆದರೆ ನಿಲ್ಲುತ್ತಿರಲಿಲ್ಲ.

---

ಅಟ್ಲಾಂಟಾ ಕನ್ನಡಿಗ:

ಜೋನ್ಸ್ ಬಗ್ಗೆ ಒಂದು ತಿದ್ದುಪಡಿ. ಇಬ್ಬರ ಹುದ್ದೆಯನ್ನೂ ಒಂದೇ ಎಂದು ಬರೆಯುವುದು ತುಂಬಾ ಕಡೆ ಕಾಣುತ್ತದೆ, ಮಾರ್ಗದರ್ಶಕರು ಮೊದಲು ಹಿಡಿಯುವುದೇ ಅದನ್ನು.

ಡಗ್ ಜೋನ್ಸ್ 1997ರಿಂದ 2001ರವರೆಗೆ ಉತ್ತರ ಅಲಬಾಮಾದ ಯುಎಸ್ ಅಟಾರ್ನಿ. ಫೆಡರಲ್ ಹುದ್ದೆ. ಫೆಡರಲ್ ಕಾಲಮಿತಿ ತೀರಿದ್ದರಿಂದ ಆ ಹುದ್ದೆಯ ಬಲದಿಂದ ಅವರು ಬ್ಲಾಂಟನ್ ವಿರುದ್ಧ ಮೊಕದ್ದಮೆ ನಡೆಸುವ ಹಾಗೇ ಇರಲಿಲ್ಲ. ಆದ್ದರಿಂದ ರಾಜ್ಯ ಅವರನ್ನು ವಿಶೇಷ ಪ್ರಾಸಿಕ್ಯೂಟರ್ ಎಂದು ನೇಮಿಸಿತು. ರಾಜ್ಯದ ಕೋರ್ಟು, ರಾಜ್ಯದ ಕಾಯ್ದೆ, ವಾದಿಸಿದವರು ಫೆಡರಲ್ ವಕೀಲರು. 2001ರ ಮೇ 1ರಂದು ಬ್ಲಾಂಟನ್‌ಗೆ ಶಿಕ್ಷೆ. ಚೆರ್ರಿಯ ಮಾನಸಿಕ ಸ್ಥಿತಿ ವಿಚಾರಣೆಗೆ ತಕ್ಕದ್ದೇ ಎಂಬ ತಕರಾರು ಎದ್ದು ಅವನ ಕೇಸು ಬೇರೆಯಾಯಿತು. 2002ರ ಮೇ 22ರಂದು ಅವನಿಗೂ ಶಿಕ್ಷೆಯಾಯಿತು. ಆ ಹೊತ್ತಿಗೆ ಜೋನ್ಸ್ ಯುಎಸ್ ಅಟಾರ್ನಿ ಆಗಿರಲಿಲ್ಲ, ಆದರೂ ವಿಶೇಷ ಪ್ರಾಸಿಕ್ಯೂಟರ್ ಆಗಿ ಮುಂದುವರಿದರು. ಕ್ಯಾಶ್ 1994ರಲ್ಲೇ ಸತ್ತಿದ್ದ, ಅವನ ಮೇಲೆ ಆರೋಪವೇ ಬರಲಿಲ್ಲ.

1977ರಲ್ಲಿ ಏಕೆ ಆಗಲಿಲ್ಲ ಎಂದರೆ, ಟೇಪು. 1964ರಲ್ಲಿ ಎಫ್‌ಬಿಐ ಬ್ಲಾಂಟನ್ ಮನೆಯ ಅಡುಗೆಕೋಣೆಯ ಮಾತು ಕೇಳಲು ಗುಟ್ಟಾಗಿ ಮೈಕ್ರೊಫೋನ್ ಇಟ್ಟಿತ್ತು. ಬಾಂಬ್ ಯೋಜಿಸಲು ಸೇರಿದ್ದ ಸಭೆಯ ಬಗ್ಗೆ ಅವನು ಹೆಂಡತಿಗೆ ಹೇಳಿದ್ದು ಅದರಲ್ಲಿತ್ತು. ಜೊತೆಗೆ ಮಿಚೆಲ್ ಬರ್ನ್ಸ್ ಎಂಬ ಮಾಹಿತಿದಾರ ತನ್ನ ಕಾರಿನಲ್ಲಿ ಬ್ಲಾಂಟನ್‌ನನ್ನು ಕೂರಿಸಿಕೊಂಡು ಮಾತಾಡಿಸಿದ ಧ್ವನಿಮುದ್ರಣಗಳು. ಇಂಥದ್ದೊಂದು ಇದೆ ಎಂದೇ ಎಫ್‌ಬಿಐ ಬ್ಯಾಕ್ಸ್‌ಲಿಗೆ ಹೇಳಲಿಲ್ಲ. ಬ್ಲಾಂಟನ್ ತೀರ್ಪು ಬಂದ ವಾರದಲ್ಲೇ ಬ್ಯಾಕ್ಸ್‌ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಬಗ್ಗೆ ಬರೆದು, ಎಫ್‌ಬಿಐ ಇದನ್ನು ಮುಚ್ಚಿಟ್ಟದ್ದೇಕೆ ಎಂದು ಬಹಿರಂಗವಾಗಿ ಕೇಳಿದರು. 24 ವರ್ಷ ಇಬ್ಬರು ಕೊಲೆಗಾರರು ಹೊರಗೆ ಓಡಾಡಿಕೊಂಡಿದ್ದರು. ಸರ್ಕಾರದ ಒಂದು ಕೈ ಇನ್ನೊಂದು ಕೈಗೆ ಸಾಕ್ಷ್ಯ ಕೊಡದೆ ಹೋದದ್ದಕ್ಕೆ ಕಟ್ಟಿದ ಬೆಲೆ ಇದು.

ಜೋನ್ಸ್ ಮತ್ತು ಬ್ಯಾಕ್ಸ್‌ಲಿ ನಡುವೆ ನಿಜವಾದ ಕೊಂಡಿ ಇನ್ನೊಂದಿದೆ. 1977ರಲ್ಲಿ ಜೋನ್ಸ್ ಬರ್ಮಿಂಗ್‌ಹ್ಯಾಮ್‌ನ ಕಂಬರ್‌ಲ್ಯಾಂಡ್ ಕಾನೂನು ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿ. ತರಗತಿ ತಪ್ಪಿಸಿ ಚೇಂಬ್ಲಿಸ್ ವಿಚಾರಣೆ ನೋಡಲು ಬಂದು ಕೂರುತ್ತಿದ್ದರು.

---

ಮತಲೆಕ್ಕ:

ಚುನಾವಣೆಯ ಭಾಗ ನನಗೆ ಬಿಡಿ.

1978. ಅಟಾರ್ನಿ ಜನರಲ್ ಆಗಿ ಎರಡು ಅವಧಿ ಮುಗಿಯುತ್ತಿತ್ತು, ಮೂರನೆಯದಕ್ಕೆ ನಿಲ್ಲುವಂತಿರಲಿಲ್ಲ. ಮುಂದಿನ ಮೆಟ್ಟಿಲು ಗವರ್ನರ್. ಡೆಮಾಕ್ರಾಟ್ ಪ್ರೈಮರಿಯಲ್ಲಿ ಮೂವರು ಹೆಸರಾಂತರು: ಬ್ಯಾಕ್ಸ್‌ಲಿ, ಮಾಜಿ ಗವರ್ನರ್ ಆಲ್ಬರ್ಟ್ ಬ್ರೂವರ್, ಲೆಫ್ಟಿನೆಂಟ್ ಗವರ್ನರ್ ಜೆರಿ ಬೀಸ್ಲಿ. ಮೂವರೂ ಒಬ್ಬರನ್ನೊಬ್ಬರು ಹರಿದುಕೊಂಡರು. ನಡುವೆ ಫಾಬ್ ಜೇಮ್ಸ್ ನುಗ್ಗಿದರು: ಆಬರ್ನ್ ವಿಶ್ವವಿದ್ಯಾಲಯದ ಹಳೆಯ ಫುಟ್‌ಬಾಲ್ ಆಟಗಾರ, ಉದ್ಯಮಿ, ಅದಕ್ಕೂ ಮೊದಲು ರಿಪಬ್ಲಿಕನ್. ಅಲಬಾಮಾದಲ್ಲಿ ಪ್ರೈಮರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದಿದ್ದರೆ ಮೊದಲ ಇಬ್ಬರ ನಡುವೆ ರನ್‌ಆಫ್. ಬ್ಯಾಕ್ಸ್‌ಲಿ ರನ್‌ಆಫ್‌ವರೆಗೆ ಬಂದರು, ಜೇಮ್ಸ್ ಸುಮಾರು ಶೇ 55 ಪಡೆದು ಗೆದ್ದರು. ಚೇಂಬ್ಲಿಸ್ ತೀರ್ಪು ಬಂದು ವರ್ಷ ತುಂಬುವ ಮೊದಲೇ ನಡೆದ ಚುನಾವಣೆ ಇದು, ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ಪುರಾವೆ ಹುಡುಕಬೇಕಾದದ್ದು ಇಲ್ಲಿ. ಕ್ಲಾನ್ ಕಡೆಯ ಒಲವಿದ್ದ ಬಿಳಿ ಮತ ಕೈತಪ್ಪಿದ್ದು ನಿಜ. ಆದರೆ ಹಳೆಯ ಮುಖಗಳು ಬೇಡ ಎಂಬ ಅಲೆ ಬ್ರೂವರ್, ಬೀಸ್ಲಿ ಅವರನ್ನೂ ಮುಳುಗಿಸಿತು, ಅವರಿಬ್ಬರೂ ಯಾವ ಚರ್ಚ್ ಕೇಸನ್ನೂ ನಡೆಸಿರಲಿಲ್ಲ. ಕೇಸೇ ಮುಗಿಸಿತು ಎಂದು ಬರೆಯಬೇಡಿ.

ಇನ್ನೊಂದು ಪುರಾವೆ: 1982ರಲ್ಲಿ ಅದೇ ರಾಜ್ಯದ ಮತದಾರರು ಅವರನ್ನು ಲೆಫ್ಟಿನೆಂಟ್ ಗವರ್ನರ್ ಮಾಡಿದರು. 1983ರಿಂದ 1987, ವಾಲೆಸ್‌ರ ಕೊನೆಯ ಅವಧಿ.

1986. ವಾಲೆಸ್ ನಿವೃತ್ತಿ ಘೋಷಿಸಿದರು. ಜೂನ್ 3ರ ಮೊದಲ ಸುತ್ತಿನಲ್ಲಿ ಬ್ಯಾಕ್ಸ್‌ಲಿ ಮೊದಲಿಗರು, ಅಟಾರ್ನಿ ಜನರಲ್ ಚಾರ್ಲಿ ಗ್ರಾಡಿಕ್ ಎರಡನೆಯವರು. ಗ್ರಾಡಿಕ್ ಕೂಡ ಪ್ರಾಸಿಕ್ಯೂಟರ್, ಮೊಬೀಲ್‌ನ ಹಳೆಯ ಡಿಎ. ಶಿಕ್ಷೆ ಬಿಗಿಯಾಗಿರಬೇಕು ಎಂಬುದೇ ಅವರ ಬಂಡವಾಳ. ಜೂನ್ 24ರ ರನ್‌ಆಫ್‌ನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಬಿದ್ದು, ಗ್ರಾಡಿಕ್ ಒಂಬತ್ತು ಸಾವಿರಕ್ಕೂ ಕಡಿಮೆ ಅಂತರದಲ್ಲಿ ಮುಂದೆ ಬಂದರು.

ತೊಡಕು ಇಲ್ಲಿ. ಅಲಬಾಮಾದಲ್ಲಿ ಮತದಾರ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವುದಿಲ್ಲ. ಮತಗಟ್ಟೆಗೆ ಹೋಗಿ ಯಾವ ಪಕ್ಷದ ಮತಪತ್ರ ಬೇಕೋ ಅದನ್ನು ಕೇಳುತ್ತಾನೆ. ಆದರೆ ಜೂನ್ 3ರಂದು ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಿದವನು ಡೆಮಾಕ್ರಾಟ್ ರನ್‌ಆಫ್‌ನಲ್ಲಿ ಹಾಕುವಂತಿಲ್ಲ ಎಂಬುದು ಡೆಮಾಕ್ರಾಟ್ ಪಕ್ಷದ ನಿಯಮ. ಗ್ರಾಡಿಕ್ ರಿಪಬ್ಲಿಕನ್ನರ ಮತವನ್ನೂ ಬಯಸುತ್ತಿದ್ದರು. ಅಭ್ಯರ್ಥಿಯಾಗಿದ್ದವರೇ ಅಟಾರ್ನಿ ಜನರಲ್ ಹುದ್ದೆಯ ಅಧಿಕಾರ ಬಳಸಿ ಆ ನಿಯಮ ಜಾರಿಯಾಗದಂತೆ ನೋಡಿಕೊಂಡರು. ರಿಪಬ್ಲಿಕನ್ ಪ್ರೈಮರಿಗೆ ಹೋದವರು ಒಟ್ಟು ಮತದಾರರಲ್ಲಿ ಸಣ್ಣ ಪಾಲು, ಆದರೆ ಅಂತರ ಅದಕ್ಕಿಂತಲೂ ಸಣ್ಣದು.

ಫೆಡರಲ್ ಕೋರ್ಟು ಹಿಡಿದದ್ದು ಮತದಾನ ಹಕ್ಕು ಕಾಯ್ದೆಯ 5ನೇ ಕಲಂ. ಕಪ್ಪು ಜನರ ಮತ ಹತ್ತಿಕ್ಕಿದ ಚರಿತ್ರೆಯಿದ್ದ ರಾಜ್ಯಗಳು ಮತದಾನದ ಯಾವ ಪದ್ಧತಿ ಬದಲಿಸಿದರೂ ಮೊದಲು ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕಿತ್ತು. ನಿಯಮವನ್ನು ಜಾರಿಗೊಳಿಸದೆ ಬಿಟ್ಟದ್ದೂ ಬದಲಾವಣೆಯೇ, ಅದಕ್ಕೆ ಒಪ್ಪಿಗೆ ಇರಲಿಲ್ಲ ಎಂದಿತು ಕೋರ್ಟು. ಪಕ್ಷದ ಮುಂದೆ ಎರಡು ದಾರಿ: ಹೊಸ ರನ್‌ಆಫ್ ನಡೆಸುವುದು, ಇಲ್ಲವೇ ಬ್ಯಾಕ್ಸ್‌ಲಿ ಅವರನ್ನು ಅಭ್ಯರ್ಥಿ ಎಂದು ಘೋಷಿಸುವುದು. ಪಕ್ಷದ ಸಮಿತಿ ಎರಡನೆಯದನ್ನು ಆರಿಸಿತು.

ಕಾನೂನಿನ ಮಟ್ಟಿಗೆ ಅದು ನಿಲ್ಲುವ ನಿರ್ಧಾರ. ರಾಜಕೀಯವಾಗಿ ಅದಕ್ಕಿಂತ ಕೆಟ್ಟದ್ದನ್ನು ಮಾಡಲು ಸಾಧ್ಯವಿರಲಿಲ್ಲ ಎಂದು ನನಗನ್ನಿಸುತ್ತದೆ. ಮತ್ತೊಂದು ರನ್‌ಆಫ್ ನಡೆಸಿದ್ದರೆ ಬ್ಯಾಕ್ಸ್‌ಲಿ ಸೋಲಲಿ ಗೆಲ್ಲಲಿ, ತೀರ್ಮಾನ ಮತದಾರರದ್ದಾಗಿರುತ್ತಿತ್ತು. ಅದರ ಬದಲು ಕೋಣೆಯೊಳಗೆ ಕೂತ ಸಮಿತಿ ನಮ್ಮ ಮತ ಕಿತ್ತುಕೊಂಡಿತು ಎಂಬ ಸಿಟ್ಟು ರಾಜ್ಯವೆಲ್ಲ ಹಬ್ಬಿತು. ಗ್ರಾಡಿಕ್, ಮತಪತ್ರದಲ್ಲಿ ನನ್ನ ಹೆಸರು ಬರೆದು ಹಾಕಿ ಎಂಬ ಪ್ರಚಾರ ಶುರುಮಾಡಿ, ಚುನಾವಣೆಗೆ ಸ್ವಲ್ಪ ಮುಂಚೆ ಹಿಂದೆ ಸರಿದರು. ನವೆಂಬರ್ 4ರಂದು ರಿಪಬ್ಲಿಕನ್ ಗೈ ಹಂಟ್ ಶೇ 56 ಮತ ಪಡೆದರು. ಹಂಟ್ ಕಲ್‌ಮನ್ ಕೌಂಟಿಯ ಹಳೆಯ ಪ್ರೊಬೇಟ್ (ಉಯಿಲು, ಆಸ್ತಿ ವಿಷಯಗಳ) ನ್ಯಾಯಾಧೀಶ, ಬೋಧಕ, 1978ರಲ್ಲಿ ಫಾಬ್ ಜೇಮ್ಸ್ ಎದುರು ಹೀನಾಯವಾಗಿ ಸೋತವರು. ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ ಕಾಲ ಕಳೆದ ಮೇಲೆ ಅಲಬಾಮಾಕ್ಕೆ ಬಂದ ಮೊದಲ ರಿಪಬ್ಲಿಕನ್ ಗವರ್ನರ್. ಪ್ರೈಮರಿ ಗೆದ್ದರೆ ಚುನಾವಣೆ ಗೆದ್ದ ಹಾಗೆ ಎಂದು ಮೇಲೆ ವಕೀಲರು ಹೇಳಿದ್ದಾರಲ್ಲ, ಆ ಕಾಲ ಅಂದಿಗೆ ಮುಗಿಯಿತು. (ಹಂಟ್ ತಮ್ಮ ಎರಡನೇ ಅವಧಿಯಲ್ಲಿ, 1993ರಲ್ಲಿ, ನೈತಿಕ ನಿಯಮದ ಕಾಯ್ದೆಯಡಿ ಶಿಕ್ಷೆಯಾಗಿ ಅಧಿಕಾರ ಕಳೆದುಕೊಂಡರು. ಆ ಕೇಸು ನಡೆಸಿದ್ದೂ ಚುನಾಯಿತ ಅಟಾರ್ನಿ ಜನರಲ್ ಜಿಮ್ಮಿ ಇವಾನ್ಸ್, ಡೆಮಾಕ್ರಾಟ್.)

5ನೇ ಕಲಂ ಈಗ ಕೆಲಸ ಮಾಡುತ್ತಿಲ್ಲ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹಾಕಿ. 2013ರಲ್ಲಿ ಸುಪ್ರೀಂ ಕೋರ್ಟ್ ಅದರ ಬೆನ್ನೆಲುಬನ್ನೇ ತೆಗೆಯಿತು. ಆ ಕೇಸು ತಂದದ್ದು ಶೆಲ್ಬಿ ಕೌಂಟಿ, ಅದೂ ಅಲಬಾಮಾದ್ದೇ.

---

ಕಡತಪ್ರಿಯ:

ಮತಲೆಕ್ಕ ಅವರ ಮಾತಿಗೆ ಪೂರ್ತಿ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಕೇಸಿನ ರಾಜಕೀಯ ಬೆಲೆ ತೀರಾ ಕಡಿಮೆಯೂ ಅಲ್ಲ. 1976ರಲ್ಲಿ ಎಡ್ವರ್ಡ್ ಫೀಲ್ಡ್ಸ್ ಎಂಬ ಬಿಳಿಯ ಶ್ರೇಷ್ಠತಾವಾದಿ ಬೆದರಿಕೆಯ ಪತ್ರ ಬರೆದಾಗ, ಬ್ಯಾಕ್ಸ್‌ಲಿ ಅಟಾರ್ನಿ ಜನರಲ್‌ರ ಅಧಿಕೃತ ಲೆಟರ್‌ಹೆಡ್ ಮೇಲೆ ಒಂದೇ ಸಾಲಿನ ಹಸಿ ಬೈಗುಳದಲ್ಲಿ ಉತ್ತರ ಕೊಟ್ಟರು. ಗವರ್ನರ್ ಆಗಲು ಹೊರಟವರು ಎರಡು ವರ್ಷ ಮುಂಚೆ ಹೀಗೆ ಬರೆಯುವುದಿಲ್ಲ. ಅದೇ ವರ್ಷ ಸ್ಕಾಟ್ಸ್‌ಬರೊ ಕೇಸಿನ ಆರೋಪಿಗಳಲ್ಲಿ ಆಗ ಬದುಕಿದ್ದಾರೆಂದು ಗೊತ್ತಿದ್ದ ಒಬ್ಬರೇ ಕ್ಲಾರೆನ್ಸ್ ನಾರಿಸ್, 1931ರಲ್ಲಿ ಸುಳ್ಳು ಅತ್ಯಾಚಾರ ಆರೋಪದ ಮೇಲೆ ಮರಣದಂಡನೆಗೆ ಗುರಿಯಾಗಿದ್ದವರು, ನಿರಪರಾಧಿ ಎಂದು ಬ್ಯಾಕ್ಸ್‌ಲಿ ಕಚೇರಿ ಪೆರೋಲ್ ಮಂಡಳಿಗೆ ತಿಳಿಸಿತು. ಕ್ಷಮಾದಾನಕ್ಕೆ ಸಹಿ ಬಿದ್ದದ್ದು ವಾಲೆಸ್‌ರದು. ಪ್ರಾಸಿಕ್ಯೂಟರ್ ಕಚೇರಿಯೇ ತನ್ನ ರಾಜ್ಯದ ಹಳೆಯ ತೀರ್ಪು ತಪ್ಪು ಎಂದು ಒಪ್ಪುವುದು ಅಪರೂಪ, ಚೇಂಬ್ಲಿಸ್ ಕೇಸಿನಷ್ಟೇ ಜಾಗ ಇದಕ್ಕೂ ಕೊಡಿ.

ಸೋತ ಕೇಸನ್ನೂ ಬರೆಯಿರಿ. 1957ರಲ್ಲಿ ಮಾಂಟ್ಗೊಮರಿ ಹತ್ತಿರ ವಿಲ್ಲಿ ಎಡ್ವರ್ಡ್ಸ್ ಎಂಬ ಕಪ್ಪು ಟ್ರಕ್ ಚಾಲಕನನ್ನು ಕ್ಲಾನ್‌ನವರು ಬೆದರಿಸಿ ಸೇತುವೆಯಿಂದ ಹಾರಿಸಿದ್ದರು. 1976ರಲ್ಲಿ ಬ್ಯಾಕ್ಸ್‌ಲಿ ಆರೋಪಪಟ್ಟಿ ತಂದರು, ನ್ಯಾಯಾಧೀಶ ಫ್ರ್ಯಾಂಕ್ ಎಂಬ್ರಿ ಎರಡು ಸಲ ಅದನ್ನು ತಳ್ಳಿಹಾಕಿದರು. ಕಾರಣ, ಸಾವು ಹೇಗಾಯಿತು ಎಂದು ಸ್ಥಾಪಿತವಾಗಿಲ್ಲ ಎಂಬುದು. ದೇಹ ತಿಂಗಳುಗಳ ನಂತರ ಸಿಕ್ಕಿತ್ತು, ಸಾವಿನ ಕಾರಣವನ್ನು ಯಾರೂ ಬರೆದಿಟ್ಟಿರಲಿಲ್ಲ. ಹಳೆಯ ಕೊಲೆ ಕೇಸು ಬೀಳುವುದು ಬಹುಪಾಲು ಇಂಥ ಜಾಗದಲ್ಲೇ. ಸಾಕ್ಷಿ ಇರುತ್ತಾರೆ, ಶವಪರೀಕ್ಷೆಯ ಕಾಗದ ಇರುವುದಿಲ್ಲ. ಚರ್ಚ್ ಕೇಸಿನಲ್ಲಿ ಸಾವಿನ ಕಾರಣದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

---

ಶಾಲ್ಮಲಾ:

ಅಧ್ಯಾಯಗಳ ಕ್ರಮವೇ ಬದಲಾಯಿತು, ಎಲ್ಲರಿಗೂ ಕೃತಜ್ಞತೆ. ಕೊನೆಯದೊಂದು: ಪ್ರಾಸಿಕ್ಯೂಟರ್‌ನಿಂದ ರಾಜಕಾರಣಿ ಎಂಬ ದಾರಿ ಅಲಬಾಮಾದಲ್ಲಿ ಬ್ಯಾಕ್ಸ್‌ಲಿ ನಂತರ ಮುಚ್ಚಿತೇ?

---

ಅಟ್ಲಾಂಟಾ ಕನ್ನಡಿಗ:

ಮುಚ್ಚಲಿಲ್ಲ, ಪಕ್ಷ ಬದಲಾಯಿತು. 50 ರಾಜ್ಯಗಳಲ್ಲಿ 43ರಲ್ಲಿ ಅಟಾರ್ನಿ ಜನರಲ್ ಚುನಾಯಿತರೇ, ಎಲ್ಲೆಡೆಯೂ ಅದು ಗವರ್ನರ್ ಅಥವಾ ಸೆನೆಟ್‌ಗೆ ಏಣಿ. ಅಲಬಾಮಾದ ಒಂದೇ ಸೆನೆಟ್ ಸ್ಥಾನವನ್ನು ನೋಡಿ. ಜೆಫ್ ಸೆಷನ್ಸ್ 12 ವರ್ಷ ಯುಎಸ್ ಅಟಾರ್ನಿ, 1995ರಿಂದ ಎರಡು ವರ್ಷ ರಾಜ್ಯದ ಅಟಾರ್ನಿ ಜನರಲ್, 1997ರಿಂದ ಸೆನೆಟರ್. 2017ರಲ್ಲಿ ಅವರು ದೇಶದ ಅಟಾರ್ನಿ ಜನರಲ್ ಆಗಿ ಹೋದಾಗ ಆ ಜಾಗಕ್ಕೆ ಗವರ್ನರ್ ನೇಮಿಸಿದ್ದು ಆಗಿನ ಅಟಾರ್ನಿ ಜನರಲ್ ಲೂಥರ್ ಸ್ಟ್ರೇಂಜ್ ಅವರನ್ನು. ಸ್ಟ್ರೇಂಜ್ ರಿಪಬ್ಲಿಕನ್ ರನ್‌ಆಫ್‌ನಲ್ಲಿ ರಾಯ್ ಮೂರ್ ಎದುರು ಸೋತರು. ಮೂರ್ ರಾಜ್ಯದ ಸುಪ್ರೀಂ ಕೋರ್ಟಿನ ಹಳೆಯ ಮುಖ್ಯ ನ್ಯಾಯಾಧೀಶರು, ವೃತ್ತಿ ಶುರುಮಾಡಿದ್ದು ಎಟೊವಾ ಕೌಂಟಿಯ ಡೆಪ್ಯುಟಿ ಡಿಎ ಆಗಿ. ಅವರನ್ನು ಸೋಲಿಸಿದ್ದು ಡಗ್ ಜೋನ್ಸ್, 2017ರ ಡಿಸೆಂಬರ್ 12ರಂದು, 21,924 ಮತಗಳಿಂದ: ಶೇ 49.97ಕ್ಕೆ ಎದುರಾಗಿ 48.34. ಹದಿಹರೆಯದ ಹುಡುಗಿಯರ ಜೊತೆಗಿನ ನಡವಳಿಕೆಯ ಬಗ್ಗೆ ಮೂರ್ ಮೇಲೆ ಆರೋಪಗಳು ಬಂದಿದ್ದವು, ಅವರು ಅವನ್ನು ಅಲ್ಲಗಳೆದರು. ಇಬ್ಬರೂ ಬೇಡವೆಂದು ಬೇರೆ ಹೆಸರು ಬರೆದು ಹಾಕಿದ ಮತಗಳೇ ಈ ಅಂತರಕ್ಕಿಂತ ಹೆಚ್ಚಿದ್ದವು. 2020ರಲ್ಲಿ ಜೋನ್ಸ್ ಫುಟ್‌ಬಾಲ್ ಕೋಚ್ ಟಾಮಿ ಟ್ಯೂಬರ್‌ವಿಲ್ ಎದುರು ಶೇ 60ಕ್ಕೆ 40ರ ಲೆಕ್ಕದಲ್ಲಿ ಸೋತರು. 1978ರಲ್ಲಿ ಬ್ಯಾಕ್ಸ್‌ಲಿ ಸೋತದ್ದೂ ಫುಟ್‌ಬಾಲ್ ಹೆಸರಿನವರ ಎದುರೇ.

ಬ್ಯಾಕ್ಸ್‌ಲಿ ವಕೀಲಿಕೆಗೆ ಮರಳಿದರು. 2016ರಲ್ಲಿ ರಾಜ್ಯ ವಿಧಾನಸಭೆಯ ರಿಪಬ್ಲಿಕನ್ ಸ್ಪೀಕರ್ ಮೈಕ್ ಹಬರ್ಡ್ ಮೇಲಿನ ನೈತಿಕ ನಿಯಮದ ಕಾಯ್ದೆಯಡಿಯ 23 ಆರೋಪಗಳ ವಿಚಾರಣೆ ನಡೆದಾಗ ಅವರ ಪರ ನಿಂತ ವಕೀಲರು ಬ್ಯಾಕ್ಸ್‌ಲಿ, 12ರಲ್ಲಿ ಶಿಕ್ಷೆಯಾಯಿತು. ಕೇಸು ಹೂಡಿದ್ದು ಅವರು ಒಂದು ಕಾಲಕ್ಕೆ ನಡೆಸಿದ ಅದೇ ಕಚೇರಿ.

---

ಮತಲೆಕ್ಕ:

ಒಂದು ಸೇರ್ಪಡೆ. ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಿ ಡೆಮಾಕ್ರಾಟ್ ರನ್‌ಆಫ್‌ಗೆ, ಅಥವಾ ಇದಕ್ಕೆ ಉಲ್ಟಾ, ಹೋಗುವುದನ್ನು 1986ರಲ್ಲಿ ತಡೆಯುತ್ತಿದ್ದದ್ದು ಪಕ್ಷದ ನಿಯಮ ಮಾತ್ರ ಎಂದೆನಲ್ಲ. ಅಲಬಾಮಾ ಅದನ್ನು ರಾಜ್ಯದ ಕಾಯ್ದೆಯನ್ನಾಗಿಸಿದ್ದು 2017ರಲ್ಲಿ. ಮೊದಲ ಸಲ ಜಾರಿಗೆ ಬಂದದ್ದು ಸ್ಟ್ರೇಂಜ್ ಮತ್ತು ಮೂರ್ ನಡುವಿನ ಆ ರನ್‌ಆಫ್‌ನಲ್ಲೇ.